ಎರಡೇ ಬೆರಳುಗಳ ಮಿಂಚಿನ ಓಟ: ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್

'ಜಾಝ್ ಹಾಟ್' ಎಂಬುದು 1930ರ ದಶಕದ ಕೊನೆಯಲ್ಲಿ ತಯಾರಾದ ಕಪ್ಪುಬಿಳುಪಿನ ಕಿರುಚಿತ್ರ. ಕೆಲವೇ ನಿಮಿಷಗಳದ್ದು. ತೆಳುಮೀಸೆಯ ಒಬ್ಬ ಯುವಕ ಅದರಲ್ಲಿ ಗಿಟಾರ್ ನುಡಿಸುತ್ತಾನೆ. ಸ್ವರಗಳು ಮಳೆಹನಿಗಳಂತೆ ಒಂದರ ಹಿಂದೊಂದು ಉದುರುತ್ತವೆ. ಒಂದೂ ಮತ್ತೊಂದರ ಮೇಲೆ ಬೀಳುವುದಿಲ್ಲ, ಒಂದೂ ಮಸುಕಾಗುವುದಿಲ್ಲ. ಕ್ಯಾಮೆರಾ ಆತನ ಎಡಗೈಯ ಹತ್ತಿರಕ್ಕೆ ಸರಿದಾಗ ನೋಡುಗನಿಗೆ ಅಚ್ಚರಿ ಕಾದಿದೆ. ತಂತಿಗಳ ಮೇಲೆ ಓಡುತ್ತಿರುವುದು ತೋರುಬೆರಳು ಮತ್ತು ನಡುಬೆರಳು ಮಾತ್ರ. ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈಯತ್ತ ಮುದುಡಿಕೊಂಡು ನಿಂತಿವೆ.

ಆ ಯುವಕ ಜಾಂಗೊ ರೈನ್‌ಹಾರ್ಟ್. ಯೂರೋಪಿನಲ್ಲಿ ಹುಟ್ಟಿ ಜಾಝ್ ಸಂಗೀತದ ದಿಕ್ಕನ್ನು ಬದಲಿಸಿದ ಮೊದಲ ದೊಡ್ಡ ವಾದಕ ಎಂದು ಸಂಗೀತ ಚರಿತ್ರೆ ಅವರನ್ನು ಗುರುತಿಸುತ್ತದೆ.

ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ: ಇನ್ನಷ್ಟು ವೇಗವಾಗಿ, ಇನ್ನಷ್ಟು ಸ್ವಚ್ಛವಾಗಿ ನುಡಿಸುವುದು ಹೇಗೆ? ನಾಲ್ಕೂ ಬೆರಳುಗಳನ್ನು ಸಮನಾಗಿ ಪಳಗಿಸಬೇಕು, ಕಿರುಬೆರಳಿಗೂ ತೋರುಬೆರಳಿನಷ್ಟೇ ಬಲ ಬರಬೇಕು ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಉತ್ತರ ತಪ್ಪೇನಲ್ಲ. ಆದರೆ ಆ ಉತ್ತರ ಅನ್ವಯಿಸಲಾಗದ ಕೈಯೊಂದು ತನ್ನ ಕಾಲದ ಅತ್ಯಂತ ವೇಗದ, ಅತ್ಯಂತ ಸ್ಪಷ್ಟವಾದ ಗಿಟಾರ್ ನುಡಿಸಿತು ಎಂಬುದನ್ನು ಗಮನಿಸಿದಾಗ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕೇನೋ ಎನಿಸುತ್ತದೆ. ಜಾಂಗೊ ಬದುಕಿನಲ್ಲಿ ವಾದನ ಕಲೆಯನ್ನು ಎರಡು ಬಾರಿ ಹೊಸದಾಗಿ ಕಲಿತರು. ಮೊದಲನೆಯದು ಬೆಂಕಿಯಿಂದಾಗಿ, ಎರಡನೆಯದು ಎಲೆಕ್ಟ್ರಿಕ್ ಗಿಟಾರ್‌ನಿಂದಾಗಿ.

ಅಲೆಮಾರಿ ಬಾಲ್ಯ

ಜಾಂಗೊ ಹುಟ್ಟಿದ್ದು 1910ರ ಜನವರಿ 23ರಂದು, ಬೆಲ್ಜಿಯಂನ ಲಿಬರ್ಶಿ ಎಂಬ ಹಳ್ಳಿಯ ಬಳಿ ಬೀಡುಬಿಟ್ಟಿದ್ದ ಕುದುರೆಗಾಡಿಯೊಂದರಲ್ಲಿ. ದಾಖಲೆಗಳಲ್ಲಿ ಹೆಸರು ಜಾನ್ ರೈನ್‌ಹಾರ್ಟ್. ರೊಮಾನಿ ಜನಾಂಗದ ಮನೂಷ್ ಪಂಗಡಕ್ಕೆ ಸೇರಿದ ಕುಟುಂಬ. ಊರೂರು ಅಲೆಯುತ್ತ, ಸಂಗೀತ ನುಡಿಸಿ, ಕೈಕೆಲಸದ ವಸ್ತುಗಳನ್ನು ಮಾರಿ ಬದುಕುವ ಜನ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಕುಟುಂಬ ಇಟಲಿ, ಅಲ್ಜೀರಿಯಾಗಳವರೆಗೂ ಅಲೆದು, ಕಡೆಗೆ ಪ್ಯಾರಿಸ್ ನಗರದ ಹಳೆಯ ಕೋಟೆಗೋಡೆಯ ಹೊರಗಿನ ಬಯಲಿನಲ್ಲಿ ನೆಲೆನಿಂತಿತು. ಶಾಲೆಯ ಮುಖವನ್ನು ಹುಡುಗ ಹೆಚ್ಚು ಕಾಣಲಿಲ್ಲ. ಓದು ಬರಹ ಬಾರದೆ ಬೆಳೆದ ಜಾಂಗೊಗೆ ತಮ್ಮ ಹೆಸರನ್ನು ಬರೆಯಲು ಕಲಿಸಿದ್ದು ಮುಂದೆ ಜೊತೆಗಾರರಾದ ಪಿಟೀಲು ವಾದಕ ಸ್ತೆಫಾನ್ ಗ್ರಾಪೆಲ್ಲಿ. ಸ್ವರಲಿಪಿಯನ್ನಂತೂ ಅವರು ಕೊನೆಯವರೆಗೂ ಕಲಿಯಲಿಲ್ಲ.

ಹನ್ನೆರಡರ ವಯಸ್ಸಿನಲ್ಲಿ ಕೈಗೆ ಬಂದದ್ದು ಗಿಟಾರ್‌ನಂತೆ ಆರು ತಂತಿಗಳಿರುವ ಬ್ಯಾಂಜೊ. ದೊಡ್ಡವರ ಬೆರಳುಗಳನ್ನು ನೋಡಿ ನೋಡಿಯೇ ಹುಡುಗ ಕಲಿತ. ಹದಿಹರೆಯ ಮುಗಿಯುವ ಮೊದಲೇ ಪ್ಯಾರಿಸ್ಸಿನ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ವಾದಕರಿಗೆ ಸಾಥ್ ನೀಡುವ ಕೆಲಸ ಸಿಕ್ಕಿತು. ಆ ಗದ್ದಲದ ಕೋಣೆಗಳಲ್ಲಿ ಅಕಾರ್ಡಿಯನ್ನಿನ ಸದ್ದನ್ನು ಸೀಳಿಕೊಂಡು ಕೇಳಿಸಬೇಕೆಂದರೆ ಬಲಗೈಯಲ್ಲಿ ಕಸುವು ಇರಲೇಬೇಕಿತ್ತು. ಮುಂದೆ ಅವರನ್ನು ಕಾಪಾಡಿದ ಬಲಗೈ ತಯಾರಾದದ್ದು ಅಲ್ಲಿ.

1928ರಲ್ಲಿ ಜಾನ್ ವೈಸಾದ್ ಎಂಬ ಅಕಾರ್ಡಿಯನ್ ವಾದಕರೊಂದಿಗೆ ಅವರ ಮೊದಲ ಧ್ವನಿಮುದ್ರಿಕೆ ಹೊರಬಂತು. ತಟ್ಟೆಯ ಮೇಲೆ ಹೆಸರು ತಪ್ಪಾಗಿ ಅಚ್ಚಾಗಿತ್ತು. ಕಾಗುಣಿತ ತಿದ್ದಿಸುವಷ್ಟು ಅಕ್ಷರಜ್ಞಾನ ವಾದಕನಿಗೇ ಇರಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಖ್ಯಾತ ವಾದ್ಯಮೇಳದ ಮುಖ್ಯಸ್ಥ ಜ್ಯಾಕ್ ಹಿಲ್ಟನ್ ಹದಿನೆಂಟರ ಈ ಹುಡುಗನ ವಾದನ ಕೇಳಿ ತಮ್ಮ ಮೇಳಕ್ಕೆ ಆಹ್ವಾನಿಸಿದರು.

ಹೊತ್ತಿ ಉರಿದ ಗಾಡಿ

ಆ ಆಹ್ವಾನ ಕೈಗೂಡಲಿಲ್ಲ. 1928ರ ಶರತ್ಕಾಲದ ಒಂದು ತಡರಾತ್ರಿ ಜಾಂಗೊ ಕೆಲಸ ಮುಗಿಸಿ ಗಾಡಿಗೆ ಹಿಂದಿರುಗಿದ್ದರು. ಪತ್ನಿ ಬೆಲ್ಲಾ ಮಾರಾಟಕ್ಕೆಂದು ತಯಾರಿಸಿದ್ದ ಸೆಲ್ಯುಲಾಯ್ಡ್ ಹೂವುಗಳು ಗಾಡಿಯ ತುಂಬ ರಾಶಿ ಬಿದ್ದಿದ್ದವು. ಇಲಿಯ ಸದ್ದು ಕೇಳಿದಂತಾಗಿ ಮೇಣದ ಬತ್ತಿ ಹಿಡಿದು ಹುಡುಕುವಾಗ ಕಿಡಿ ಹೂವಿನ ಮೇಲೆ ಬಿತ್ತು ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಸೆಲ್ಯುಲಾಯ್ಡ್ ಹೊತ್ತಿಕೊಂಡರೆ ಆರಿಸುವ ಮಾತೇ ಇಲ್ಲ. ಗಾಡಿ ಕ್ಷಣಮಾತ್ರದಲ್ಲಿ ಕುಲುಮೆಯಾಯಿತು. ಕಂಬಳಿಯೊಂದನ್ನು ಎಡಗೈಯಿಂದ ಮೈಗೆ ಬಿಗಿಹಿಡಿದು ಜಾಂಗೊ ಹೊರಬಂದರು. ತುಂಬು ಗರ್ಭಿಣಿ ಬೆಲ್ಲಾ ಬದುಕುಳಿದರು. ಜಾಂಗೊ ಅವರ ಬಲಗಾಲು ಹಾಗೂ ಕಂಬಳಿ ಹಿಡಿದಿದ್ದ ಎಡಗೈ ತೀವ್ರವಾಗಿ ಸುಟ್ಟಿದ್ದವು.

ಕಾಲನ್ನು ಕತ್ತರಿಸುವುದೇ ದಾರಿ ಎಂದರು ವೈದ್ಯರು. ಜಾಂಗೊ ಒಪ್ಪಲಿಲ್ಲ. ಕಾಲು ಉಳಿಯಿತು, ಕೆಲಕಾಲ ಊರುಗೋಲು ಹಿಡಿದು ನಡೆದರು. ಕೈಯ ವಿಷಯ ಬೇರೆಯಾಗಿತ್ತು. ಗಾಯ ಮಾಯುವಾಗ ಚರ್ಮ ಮತ್ತು ಸ್ನಾಯುರಜ್ಜುಗಳು ಸೆಳೆದುಕೊಂಡು ಕೊನೆಯ ಎರಡು ಬೆರಳುಗಳು ಶಾಶ್ವತವಾಗಿ ಬಾಗಿಕೊಂಡವು. ಆ ಬೆರಳುಗಳಿಂದ ಮತ್ತೆ ಗಿಟಾರ್ ನುಡಿಸುವುದು ಸಾಧ್ಯವಿಲ್ಲವೆಂಬುದು ಸುತ್ತಲಿನವರ ತೀರ್ಮಾನ. ಸುಮಾರು ಹದಿನೆಂಟು ತಿಂಗಳು ಆಸ್ಪತ್ರೆ ಮತ್ತು ಶುಶ್ರೂಷಾಲಯಗಳಲ್ಲಿ ಕಳೆದವು. ಈ ನಡುವೆ ಮಗ ಹುಟ್ಟಿದ, ದಾಂಪತ್ಯ ಮುರಿಯಿತು.

ಗಿಟಾರ್ ವಾದಕರೇ ಆಗಿದ್ದ ತಮ್ಮ ಜೋಸೆಫ್ ಅಣ್ಣನ ಹಾಸಿಗೆಯ ಬಳಿಗೆ ಒಂದು ಗಿಟಾರ್ ತಂದುಕೊಟ್ಟರು. ಬ್ಯಾಂಜೊಗಿಂತ ಮೃದು ದನಿಯ ಆ ವಾದ್ಯದ ಮೇಲೆ, ಉಳಿದ ಎರಡು ಬೆರಳುಗಳೊಂದಿಗೆ, ಜಾಂಗೊ ಮೊದಲಿನಿಂದ ಆರಂಭಿಸಿದರು.

ಅಡ್ಡದಾರಿ ಬಿಟ್ಟು ಉದ್ದದಾರಿ

ಆ ತಿಂಗಳುಗಳಲ್ಲಿ ಅವರು ಕಂಡುಕೊಂಡದ್ದು ಏನೆಂಬುದಕ್ಕೆ ಮುಂದಿನ ಧ್ವನಿಮುದ್ರಿಕೆಗಳೇ ಸಾಕ್ಷಿ. ಇಲ್ಲಿ ಸ್ವಲ್ಪ ವಿವರಕ್ಕೆ ಇಳಿಯುವುದು ಅಗತ್ಯ. ಏಕೆಂದರೆ ಜಾಂಗೊ ಅವರನ್ನು ಕುರಿತ ಬಹುತೇಕ ಬರಹಗಳು ಛಲ, ಪವಾಡ ಎಂಬ ಪದಗಳಲ್ಲಿಯೇ ನಿಂತುಬಿಡುತ್ತವೆ. ಪವಾಡಕ್ಕಿಂತ ಅವರ ಲೆಕ್ಕಾಚಾರವೇ ಹೆಚ್ಚು ಸ್ವಾರಸ್ಯಕರ.

ಸಾಮಾನ್ಯ ಗಿಟಾರ್ ವಾದಕರ ಎಡಗೈ ಒಂದು ಜಾಗದಲ್ಲಿ ನೆಲೆನಿಲ್ಲುತ್ತದೆ. ನಾಲ್ಕು ಬೆರಳುಗಳಿಗೆ ನಾಲ್ಕು ಫ್ರೆಟ್‌ಗಳು. ಕೈ ಕದಲದೆ ತಂತಿಯಿಂದ ತಂತಿಗೆ ಅಡ್ಡಲಾಗಿ ಸಾಗಿದರೆ ಸ್ವರಶ್ರೇಣಿ ಪೂರ್ಣವಾಗುತ್ತದೆ. ಎರಡೇ ಬೆರಳಿದ್ದವರಿಗೆ ಈ ದಾರಿ ಮುಚ್ಚಿದಂತೆ. ಪ್ರತಿ ತಂತಿಯಲ್ಲೂ ಮೂರು ಸ್ವರಗಳನ್ನು ನುಡಿಸಬೇಕಾದ ಕಡೆ ಒಂದು ಬೆರಳು ಕಡಿಮೆ ಬೀಳುತ್ತದೆ. ಜಾಂಗೊ ಅಡ್ಡದಾರಿಯನ್ನು ಕೈಬಿಟ್ಟು ವಾದ್ಯದ ಕತ್ತಿನ ಉದ್ದಕ್ಕೂ ಓರೆಯಾಗಿ ಏರುವ ದಾರಿ ಹಿಡಿದರು. ಒಂದು ತಂತಿಯಲ್ಲಿ ಎರಡು ಸ್ವರ, ಮುಂದಿನ ತಂತಿಗೆ ಹೋಗುವಾಗ ಕೈ ಸ್ವಲ್ಪ ಮೇಲಕ್ಕೆ, ಅಲ್ಲಿ ಮತ್ತೆ ಎರಡು ಸ್ವರ. ಹೀಗೆ ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಒಂದೇ ಉಸಿರಿನ ಓಟ.

ಈ ದಾರಿಗೆ ಸರಾಗವಾಗಿ ಒಗ್ಗುವುದು ಆರ್ಪೆಜಿಯೊ, ಅಂದರೆ ಒಂದು ಸ್ವರಗುಚ್ಛದ ಸ್ವರಗಳನ್ನು ಬಿಡಿಬಿಡಿಯಾಗಿ ಏರಿಸಿ ಇಳಿಸುವ ಕ್ರಮ. ಸ್ವರಗುಚ್ಛದ ಸ್ವರಗಳ ನಡುವೆ ಮೂರು ನಾಲ್ಕು ಫ್ರೆಟ್‌ಗಳ ಅಂತರವಿರುವುದರಿಂದ ಒಂದು ತಂತಿಗೆ ಒಂದೋ ಎರಡೋ ಸ್ವರ ಸಾಕು. ಮೂರನೆಯ ಬೆರಳಿನ ಕೆಲಸವೇ ಬರುವುದಿಲ್ಲ. ಜಾಂಗೊ ಅವರ ಸಂಗೀತ ಶ್ರೇಣಿಗಳಿಗಿಂತ ಆರ್ಪೆಜಿಯೊಗಳ ಮೇಲೆ ಏಕೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸರಳ ಕಾರಣ ಬೇಡ. ಕೈಗೆ ಒದಗಿದ್ದನ್ನೇ ಅವರು ಶೈಲಿಯನ್ನಾಗಿ ಮಾಡಿಕೊಂಡರು. ಆ ಶೈಲಿಯ ಪರಿಣಾಮವಾಗಿ ಅವರ ಏಕವಾದನದಲ್ಲಿ ಹಿಂದೆ ಸಾಗುತ್ತಿರುವ ಸ್ವರಗುಚ್ಛ ಯಾವುದೆಂಬುದು ಪಕ್ಕವಾದ್ಯವಿಲ್ಲದೆಯೂ ಕೇಳುಗರಿಗೆ ತಿಳಿಯುತ್ತದೆ.

ಇನ್ನೊಂದು ಉಪಾಯ ಇನ್ನೂ ಸೊಗಸಿನದು. ಅಕ್ಕಪಕ್ಕದ ಫ್ರೆಟ್‌ಗಳನ್ನೆಲ್ಲ ಮುಟ್ಟಿಕೊಂಡು ಏರುವ ಓಟಕ್ಕೆ ಅವರು ಒಂದೇ ಬೆರಳನ್ನು ಬಳಸುತ್ತಿದ್ದರು. ಬೆರಳು ತಂತಿಯ ಮೇಲೆ ಜಾರುತ್ತ ಹೋಗುತ್ತದೆ. ಪ್ರತಿ ಫ್ರೆಟ್ಟಿಗೂ ಬಲಗೈ ಒಂದು ಮೀಟು ಕೊಡುತ್ತದೆ. ಕೇಳಲು ಸುಲಭ. ಜಾರುವ ಬೆರಳು ಮತ್ತು ಮೀಟುವ ಪಿಕ್ ಒಂದೇ ಕ್ಷಣದಲ್ಲಿ ಕೂಡದಿದ್ದರೆ ಮಾತ್ರ ಹೊರಡುವುದು ಸ್ವರಗಳಲ್ಲ, ಕೆರೆತ. ಜಾಂಗೊ ಅವರ ಓಟದಲ್ಲಿ ಮುತ್ತು ಪೋಣಿಸಿದಂತೆ ಒಂದೊಂದು ಸ್ವರವೂ ಬೇರೆಯಾಗಿ ಕೇಳಿಸುತ್ತದೆ.

ಬಾಗಿದ ಬೆರಳುಗಳು ಪೂರ್ತಿ ನಿರುಪಯೋಗಿಯಾಗಿರಲಿಲ್ಲ. ಸ್ವರಗುಚ್ಛ ಹಿಡಿಯುವಾಗ ಕೊನೆಯ ಒಂದೆರಡು ತಂತಿಗಳನ್ನು ಒತ್ತಲು ಅವು ನೆರವಾಗುತ್ತಿದ್ದವು. ದಪ್ಪ ತಂತಿಗೆ ಹೆಬ್ಬೆರಳು ಕತ್ತಿನ ಹಿಂದಿನಿಂದ ಬಳಸಿ ಬರುತ್ತಿತ್ತು. ಆರು ತಂತಿಗಳನ್ನೂ ಒತ್ತುವ ದೊಡ್ಡ ಸ್ವರಗುಚ್ಛಗಳ ಬದಲು ಮೂರು ಸ್ವರಗಳ ಚಿಕ್ಕ ಗುಚ್ಛಗಳನ್ನು ಅವರು ಹೆಚ್ಚಾಗಿ ಆರಿಸಿಕೊಂಡರು. ಚಿಕ್ಕದಾದ್ದರಿಂದ ಬೇಗ ಬದಲಾಯಿಸಬಹುದು, ಬೇಡದ ತಂತಿ ಮೊಳಗುವ ಭಯವೂ ಕಡಿಮೆ.

ಬಲಗೈಯ ಗುಟ್ಟು

ನೋಡುಗರ ಕಣ್ಣು ಯಾವಾಗಲೂ ಎಡಗೈಯ ಮೇಲೆ. ಜಾಂಗೊ ಅವರ ವೇಗದ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಬಲಗೈಯಲ್ಲಿ.

ಅವರು ಬಲ ಮಣಿಕಟ್ಟನ್ನು ಕಮಾನಿನಂತೆ ಬಾಗಿಸಿ, ಅಂಗೈಯನ್ನು ಗಿಟಾರ್ ಮೇಲೆ ಊರದೆ, ತೂಗುಬಿಟ್ಟಂತೆ ಹಿಡಿಯುತ್ತಿದ್ದರು. ಗಟ್ಟಿಯಾದ ಪಿಕ್ ಕೆಳಮುಖವಾಗಿ ತಂತಿಯನ್ನು ಮೀಟಿ, ಗಾಳಿಯಲ್ಲಿ ಹಾರಿಹೋಗದೆ, ನೇರವಾಗಿ ಕೆಳಗಿನ ತಂತಿಯ ಮೇಲೆ ಬಂದು ಕೂರುತ್ತದೆ. ಇದನ್ನು ರೆಸ್ಟ್ ಸ್ಟ್ರೋಕ್ ಎನ್ನುತ್ತಾರೆ. ಕೈಯ ಭಾರವೇ ಮೀಟಿನ ಬಲವಾಗುವುದರಿಂದ ಸ್ನಾಯುಗಳನ್ನು ಬಿಗಿಹಿಡಿಯಬೇಕಿಲ್ಲ. ಪಿಕ್ ಪ್ರತಿ ಸಲವೂ ಒಂದು ನಿಶ್ಚಿತ ತಾಣದಲ್ಲಿ ನಿಲ್ಲುವುದರಿಂದ ಮುಂದಿನ ತಂತಿ ಎಲ್ಲಿದೆ ಎಂದು ಕೈ ಹುಡುಕಬೇಕಿಲ್ಲ. ಪಿಕ್ ಕೂತ ತಂತಿ ಅಷ್ಟು ಹೊತ್ತು ಮೌನವಾಗಿಯೂ ಇರುತ್ತದೆ.

ಒಂದು ತಂತಿಯಿಂದ ಮತ್ತೊಂದಕ್ಕೆ ದಾಟುವಾಗಲೆಲ್ಲ ಕೆಳಮೀಟಿನಿಂದಲೇ ಆರಂಭಿಸಬೇಕು ಎಂಬುದು ಈ ಪದ್ಧತಿಯ ಇನ್ನೊಂದು ನಿಯಮ. ಕೆಳಮೀಟು, ಮೇಲ್ಮೀಟುಗಳನ್ನು ಕಟ್ಟುನಿಟ್ಟಾಗಿ ಒಂದರ ನಂತರ ಒಂದರಂತೆ ಬಳಸುವ ಇಂದಿನ ರಾಕ್ ವಾದಕರಿಗೆ ಇದು ವ್ಯರ್ಥ ಶ್ರಮವೆನಿಸಬಹುದು. ಕೆಲವೊಮ್ಮೆ ಎರಡು ಕೆಳಮೀಟುಗಳು ಬೆನ್ನುಬೆನ್ನಿಗೆ ಬರುತ್ತವೆ. ಆದರೆ ತೆಳು ತಂತಿಯ ಕಡೆಗೆ ದಾಟುವಾಗ ಮೊದಲ ಮೀಟಿನ ಓಘವೇ ಕೈಯನ್ನು ಮುಂದಿನ ತಂತಿಗೆ ಒಯ್ಯುತ್ತದೆ. ಅರಬ್ ನಾಡುಗಳ ಔದ್ ವಾದ್ಯದಲ್ಲಿಯೂ ಇಂತಹುದೇ ಪದ್ಧತಿ ಇದೆ. ಧ್ವನಿವರ್ಧಕವಿಲ್ಲದ ಕಾಲದ ವಾದಕರು ಕೇಳಿಸಬೇಕು ಎಂಬ ಒಂದೇ ಒತ್ತಾಯದಿಂದ ಕಂಡುಕೊಂಡ ದಾರಿ ಇದು. ಜಾಂಗೊ ಅದನ್ನು ಕಂಡುಹಿಡಿದವರಲ್ಲ. ಪ್ಯಾರಿಸ್ಸಿನ ನೃತ್ಯಶಾಲೆಗಳಲ್ಲಿ ಪಳಗಿದ ಆ ಬಲಗೈಗೆ ಬೆಂಕಿ ತಾಗಲಿಲ್ಲ ಎಂಬುದು ಅವರ ಬದುಕಿನ ದೊಡ್ಡ ಅದೃಷ್ಟ.

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರು ವೇಗ ಕೂಡಿಬಾರದೆ ಸೋಲುವುದು ಬಹುಪಾಲು ಎರಡು ಕೈಗಳ ಹೊಂದಾಣಿಕೆಯ ವಿಷಯದಲ್ಲಿ. ಬೆರಳು ಫ್ರೆಟ್ಟಿಗೆ ತಲುಪುವ ಮೊದಲೇ ಪಿಕ್ ಬಡಿದರೆ ಸ್ವರ ಸತ್ತಂತೆ ಕೇಳಿಸುತ್ತದೆ. ಬೆರಳು ಮೊದಲೇ ಎದ್ದರೆ ತುಂಡಾಗುತ್ತದೆ. ಅವಸರದಲ್ಲಿ ಬೆರಳುಗಳು ತಂತಿಯಿಂದ ಎತ್ತರಕ್ಕೆ ಹಾರುತ್ತವೆ, ಮರಳಿ ಇಳಿಯಲು ಅಷ್ಟೇ ಹೊತ್ತು ಹಿಡಿಯುತ್ತದೆ. ಮೆಟ್ರೊನೋಮ್ ಇಟ್ಟುಕೊಂಡು ತಪ್ಪಿಲ್ಲದೆ ನುಡಿಸಬಲ್ಲಷ್ಟು ನಿಧಾನಕ್ಕೆ ಇಳಿದು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಬೇಕೆಂದು ಶಿಕ್ಷಕರು ಹೇಳುವುದು ಇದೇ ಕಾರಣಕ್ಕೆ. ಜಾಂಗೊಗೆ ಮೆಟ್ರೊನೋಮ್ ಇರಲಿಲ್ಲ, ಶಿಕ್ಷಕರೂ ಇರಲಿಲ್ಲ. ನಿಧಾನವಾಗಿ ನುಡಿಸುವ ಅನಿವಾರ್ಯತೆಯನ್ನು ಗಾಯಗೊಂಡ ಕೈಯೇ ಹೇರಿತ್ತು.

ಪ್ಯಾರಿಸ್ ಕಿವಿಗೊಟ್ಟಾಗ

ಚೇತರಿಸಿಕೊಂಡ ಜಾಂಗೊ ತಮ್ಮನೊಡನೆ ಫ್ರಾನ್ಸಿನ ದಕ್ಷಿಣಕ್ಕೆ ಅಲೆಯುತ್ತ ಹೋದರು. 1931ರಲ್ಲಿ ತೂಲೊನ್ ನಗರದಲ್ಲಿ ಚಿತ್ರ ಕಲಾವಿದ ಎಮಿಲ್ ಸಾವಿತ್ರಿ ಅವರು ಈ ಸೋದರರನ್ನು ಮನೆಗೆ ಕರೆದು ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಅವರ ತಟ್ಟೆಗಳನ್ನು ಕೇಳಿಸಿದರು. ಅಮೆರಿಕದ ಜಾಝ್ ಜಾಂಗೊ ಅವರ ಎದೆಗಿಳಿದದ್ದು ಅಲ್ಲಿ. ಮುಂದಿನದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವ ಕಥೆ. 1934ರಲ್ಲಿ ಪ್ಯಾರಿಸ್ಸಿನ ಕ್ಲಾರಿಜ್ ಹೋಟೆಲಿನಲ್ಲಿ ನುಡಿಸುತ್ತಿದ್ದ ಮೇಳದ ಬಿಡುವಿನ ವೇಳೆಯಲ್ಲಿ ಜಾಂಗೊ ಮತ್ತು ಗ್ರಾಪೆಲ್ಲಿ ತೆರೆಯ ಹಿಂದೆ ಸುಮ್ಮನೆ ಜೊತೆಗೂಡಿ ನುಡಿಸತೊಡಗಿದರು. ಜೋಸೆಫ್, ರೋಜೆ ಶಾಪೂ, ಲೂಯಿ ವೋಲಾ ಸೇರಿಕೊಂಡರು. ಮೂರು ಗಿಟಾರ್, ಒಂದು ಪಿಟೀಲು, ಒಂದು ಡಬಲ್ ಬೇಸ್. ಡ್ರಮ್ ಇಲ್ಲ, ತುತ್ತೂರಿ ಇಲ್ಲ. 'ಕ್ವಿಂತೆತ್ ದ್ಯು ಹಾಟ್ ಕ್ಲಬ್ ದ ಫ್ರಾನ್ಸ್' ಹುಟ್ಟಿದ್ದು ಹೀಗೆ. ಅದೇ ಡಿಸೆಂಬರಿನಲ್ಲಿ ಮೇಳದ ಮೊದಲ ಧ್ವನಿಮುದ್ರಣ ನಡೆಯಿತು.

ಈ ಮೇಳಕ್ಕೆ ಒದಗಿಬಂದ ವಾದ್ಯದ ಬಗ್ಗೆಯೂ ಒಂದು ಮಾತು. ಇಟಲಿಯ ಮಾರಿಯೊ ಮಕಾಫೆರ್ರಿ ವಿನ್ಯಾಸಗೊಳಿಸಿ, ಪ್ಯಾರಿಸ್ಸಿನ ಸೆಲ್ಮರ್ ಸಂಸ್ಥೆ 1932ರಿಂದ ತಯಾರಿಸಿದ ಗಿಟಾರ್ ಅದು. ಒಟ್ಟು ತಯಾರಾದದ್ದು ಸಾವಿರಕ್ಕೂ ಕಡಿಮೆ. ಉಕ್ಕಿನ ತಂತಿಗಳ ಆ ಗಿಟಾರ್ ಸದ್ದು ಒರಟು, ಚುರುಕು. ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಎಷ್ಟೇ ವೇಗವಾಗಿ ನುಡಿಸಿದರೂ ಹಿಂದಿನ ಸ್ವರ ಮುಂದಿನದಕ್ಕೆ ಅಂಟಿಕೊಳ್ಳುವುದಿಲ್ಲ. ಜಾಂಗೊ ಅವರ ಸ್ಪಷ್ಟತೆಯಲ್ಲಿ ವಾದ್ಯದ ಪಾಲೂ ಇತ್ತೆಂಬುದನ್ನು ಮರೆಯಬಾರದು. ಇದೇ ಅಂಶ ಹತ್ತು ವರ್ಷಗಳ ನಂತರ ಅವರಿಗೆ ತೊಡಕಾಯಿತು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಮೇಳ ಲಂಡನ್ನಿನಲ್ಲಿತ್ತು. ಗ್ರಾಪೆಲ್ಲಿ ಅಲ್ಲಿಯೇ ಉಳಿದರು, ಜಾಂಗೊ ಪ್ಯಾರಿಸ್ಸಿಗೆ ಮರಳಿದರು. ಹಿಟ್ಲರನ ಆಡಳಿತ ರೊಮಾನಿ ಜನರನ್ನು ಲಕ್ಷಾಂತರ ಸಂಖ್ಯೆಯಲ್ಲಿ ಕೊಂದ ಕಾಲವದು. ಅಂತಹ ಹೊತ್ತಿನಲ್ಲಿ, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ, ಒಬ್ಬ ರೊಮಾನಿ ಸಂಗೀತಗಾರ ಜನಪ್ರಿಯತೆಯ ತುತ್ತತುದಿಯಲ್ಲಿದ್ದರು. 1940ರಲ್ಲಿ ಮುದ್ರಿಸಿದ 'ನುವಾಜ್', ಅಂದರೆ ಮೋಡಗಳು, ಎಂಬ ಅವರ ರಚನೆ ಫ್ರೆಂಚರ ಮನೆಮಾತಾಯಿತು. ಭಯ ಇಲ್ಲದಿರಲಿಲ್ಲ. 1943ರಲ್ಲಿ ಸೋಫಿ ತ್ಸೀಗ್ಲರ್ ಅವರನ್ನು ವಿವಾಹವಾದ ಜಾಂಗೊ ಅದೇ ವರ್ಷ ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಪರಾರಿಯಾಗಲು ಯತ್ನಿಸಿ ಸಿಕ್ಕಿಬಿದ್ದರು. ಜಾಝ್ ಪ್ರಿಯನಾದ ಜರ್ಮನ್ ಅಧಿಕಾರಿಯೊಬ್ಬ ಬಿಟ್ಟುಕಳುಹಿಸಿದ. ಎರಡನೆಯ ಯತ್ನದಲ್ಲಿ ಸ್ವಿಸ್ ಕಾವಲುಗಾರರೇ ಹಿಂದಕ್ಕಟ್ಟಿದರು. ನಾಗೀನ್ ಎಂದೇ ಪರಿಚಿತರಾದ ಸೋಫಿ 1944ರಲ್ಲಿ ಬಾಬಿಕ್ ಎಂಬ ಗಂಡುಮಗುವಿಗೆ ಜನ್ಮ ನೀಡಿದರು.

ಅಮೆರಿಕದಲ್ಲಿ ಎದುರಾದ ಹೊಸ ವಾದ್ಯ

1946ರ ಶರತ್ಕಾಲದಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ಆಹ್ವಾನದ ಮೇರೆಗೆ ಜಾಂಗೊ ಅಮೆರಿಕಕ್ಕೆ ಹೊರಟರು. ಸ್ವಂತ ಗಿಟಾರನ್ನು ಜೊತೆಗೆ ಒಯ್ಯಲಿಲ್ಲ. ಅಲ್ಲಿನ ತಯಾರಕರು ತಮ್ಮ ವಾದ್ಯವನ್ನೇ ನುಡಿಸಿರೆಂದು ದುಂಬಾಲು ಬೀಳುತ್ತಾರೆಂಬ ನಂಬಿಕೆ. ಹಾಗೇನೂ ಆಗಲಿಲ್ಲ. ಕಡೆಗೆ ಕೈಗೆ ಬಂದದ್ದು ಗಿಬ್ಸನ್ ಸಂಸ್ಥೆಯ ಇಎಸ್-300 ಎಂಬ ಎಲೆಕ್ಟ್ರಿಕ್ ಗಿಟಾರ್.

ಎಲೆಕ್ಟ್ರಿಕ್ ಗಿಟಾರ್ ಅಮೆರಿಕದಲ್ಲಿ ಆ ವೇಳೆಗೆ ಹೊಸತಾಗಿರಲಿಲ್ಲ. ಬೆನ್ನಿ ಗುಡ್‌ಮನ್ ಮೇಳದಲ್ಲಿದ್ದ ಚಾರ್ಲಿ ಕ್ರಿಶ್ಚಿಯನ್ ಅದನ್ನು ಏಕವಾದನದ ವಾದ್ಯವಾಗಿ ನೆಲೆಗೊಳಿಸಿ 1942ರಲ್ಲಿ, 25ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಿದ್ದರು. ಅದೇ ಕ್ರಿಶ್ಚಿಯನ್ ಹೆಸರು ಮಾಡುವ ಮುನ್ನ ಉತ್ತರ ಡಕೋಟಾದ ಬಿಸ್ಮಾರ್ಕ್ ಪಟ್ಟಣದಲ್ಲಿ ಜಾಂಗೊ ಅವರ ಮುದ್ರಿಕೆಯ ವಾದನವನ್ನು ಸ್ವರಸ್ವರವೂ ತಪ್ಪದೆ ನುಡಿಸಿದ್ದನ್ನು ಗಿಟಾರ್ ವಾದಕಿ ಮೇರಿ ಆಸ್‌ಬೋರ್ನ್ ನೆನಪಿಸಿಕೊಂಡಿದ್ದಾರೆ.

ಜಾಂಗೊಗೆ ಮಾತ್ರ ಈ ವಾದ್ಯ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಸೆಲ್ಮರ್ ಗಿಟಾರ್ ಬಲವಾದ ಮೀಟನ್ನು ಬೇಡುತ್ತಿತ್ತು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅದೇ ಬಲ ಆಂಪ್ಲಿಫೈಯರ್ ಮೂಲಕ ಒಡೆದ ದನಿಯಾಗಿ ಹೊರಬರುತ್ತದೆ. ಸೆಲ್ಮರ್‌ನಲ್ಲಿ ಸ್ವರ ತಾನಾಗಿ ಸಾಯುತ್ತಿತ್ತು. ಇಲ್ಲಿ ಬೆರಳೇ ಅದನ್ನು ಕೊಲ್ಲಬೇಕು, ಇಲ್ಲವಾದರೆ ಮುಂದಿನ ಸ್ವರದೊಳಗೆ ನುಗ್ಗಿ ಕಲಸಿಬಿಡುತ್ತದೆ. ಬೆರಳು ತಂತಿಗೆ ಸವರಿದ ಸಣ್ಣ ಸದ್ದು, ಪಕ್ಕದ ತಂತಿಯ ಮೊಳಗು, ಎಲ್ಲವನ್ನೂ ಪಿಕಪ್ ಹಿಡಿದು ದೊಡ್ಡದು ಮಾಡಿ ಸಭೆಗೆ ಒಪ್ಪಿಸುತ್ತದೆ. ಇಂದಿಗೂ ಮನೆಯಲ್ಲಿ ಸಾದಾ ಗಿಟಾರ್ ಮೇಲೆ ಚೆನ್ನಾಗಿ ನುಡಿಸುವವರು ಆಂಪ್ಲಿಫೈಯರ್ ಮುಂದೆ ತಬ್ಬಿಬ್ಬಾಗುವುದು ಇದರಿಂದಲೇ.

ಪ್ರವಾಸ ನವೆಂಬರ್ 4ರಂದು ಕ್ಲೀವ್‌ಲೆಂಡಿನಲ್ಲಿ ಆರಂಭವಾಗಿ ಅದೇ ತಿಂಗಳ ಕೊನೆಗೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತಲುಪಿತು. ಮೊದಲ ರಾತ್ರಿ ಚಪ್ಪಾಳೆಯ ಸುರಿಮಳೆ. ಎರಡನೆಯ ರಾತ್ರಿ ಜಾಂಗೊ ಬಾಕ್ಸಿಂಗ್ ಪಟು ಮಾರ್ಸೆಲ್ ಸೆರ್ದಾನ್ ಜೊತೆ ಹರಟುತ್ತ ಕುಳಿತು ಸಭಾಂಗಣಕ್ಕೆ ಬಲು ತಡವಾಗಿ ಬಂದರು. ವಿಮರ್ಶಕರು ಅದನ್ನು ಕ್ಷಮಿಸಲಿಲ್ಲ. ಪಾಶ್ಚಾತ್ಯ ಸಂಗೀತಗಾರರ ಪೈಕಿ ಶಿಸ್ತಿಲ್ಲದವರ ಪಟ್ಟಿ ಮಾಡಿದರೆ ಜಾಂಗೊ ಹೆಸರು ಮೇಲ್ಭಾಗದಲ್ಲಿಯೇ ಇರುತ್ತದೆ. ಬಿಲಿಯರ್ಡ್ಸ್ ಮೇಜು ಸಿಕ್ಕರೆ, ಮೀನು ಹಿಡಿಯಲು ಹೊಳೆ ಸಿಕ್ಕರೆ ಕಛೇರಿ ಮರೆತುಹೋಗುತ್ತಿತ್ತು. ಬೆರಳುಗಳ ಮಟ್ಟಿಗೆ ಅಷ್ಟು ನಿಷ್ಠುರವಾಗಿದ್ದ ವ್ಯಕ್ತಿ ಗಡಿಯಾರದ ಮಟ್ಟಿಗೆ ಹಾಗಿರಲಿಲ್ಲ. 1947ರ ಫೆಬ್ರವರಿಯಲ್ಲಿ ನಿರಾಸೆಯೊಂದಿಗೆ ಅವರು ಫ್ರಾನ್ಸಿಗೆ ಮರಳಿದರು.

ಎರಡನೆಯ ಕಲಿಕೆ

ಮರಳಿದವರು ಎಲೆಕ್ಟ್ರಿಕ್ ಗಿಟಾರನ್ನು ಬಿಟ್ಟುಬಿಡಲಿಲ್ಲ ಎಂಬುದೇ ಮುಖ್ಯ ಸಂಗತಿ. ತಮ್ಮ ಹಳೆಯ ಸೆಲ್ಮರ್ ಗಿಟಾರಿಗೆ ಫ್ರಾನ್ಸಿನಲ್ಲಿಯೇ ತಯಾರಾಗುತ್ತಿದ್ದ ಸ್ಟಿಮರ್ ಎಂಬ ಪಿಕಪ್ ಅಳವಡಿಸಿಕೊಂಡು ನುಡಿಸತೊಡಗಿದರು. 1947ರ ಮುದ್ರಿಕೆಗಳಲ್ಲಿ ಎಡವಟ್ಟುಗಳು ಕೇಳಿಸುತ್ತವೆ. ದನಿ ಒಡೆಯುತ್ತದೆ, ಹಳೆಯ ಅಬ್ಬರದ ಮೀಟು ಹೊಸ ಯಂತ್ರದೊಂದಿಗೆ ಜಗಳವಾಡುತ್ತದೆ. ಅಭಿಮಾನಿಗಳಲ್ಲಿ ಹಲವರು ಹಳೆಯ ಜಾಂಗೊ ಕಳೆದುಹೋದರೆಂದು ಕೊರಗಿದರು. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮುಂತಾದವರ ಹೊಸ ಜಾಝ್ ಆಗ ಯುವಕರನ್ನು ಸೆಳೆಯುತ್ತಿತ್ತು. ನಲವತ್ತರ ಹೊಸ್ತಿಲಲ್ಲಿದ್ದ ಜಾಂಗೊ ಹಳಬರ ಸಾಲಿಗೆ ಸೇರುವ ಅಪಾಯವಿತ್ತು. ಕೆಲಕಾಲ ಅವರು ಚಿತ್ರ ಬರೆಯುವುದರಲ್ಲಿಯೇ ಹೆಚ್ಚು ಸಮಯ ಕಳೆದರು.

1951ರಲ್ಲಿ ಪ್ಯಾರಿಸ್ಸಿನಿಂದ ದೂರ, ಸೇನ್ ನದಿಯ ದಡದ ಸಮ್ವಾ ಎಂಬ ಹಳ್ಳಿಯಲ್ಲಿ ಮನೆ ಮಾಡಿದರು. ಅದೇ ವರ್ಷ ಪ್ಯಾರಿಸ್ಸಿನ ಕ್ಲಬ್ ಸಾಂ-ಜರ್ಮಾಂನಲ್ಲಿ, ತಮಗಿಂತ ಬಹಳ ಕಿರಿಯರಾದ ವಾದಕರ ಜೊತೆ ಮತ್ತೆ ವೇದಿಕೆ ಹತ್ತಿದರು. ಪಿಯೆರ್ ಮಿಷೆಲೊ, ಹ್ಯೂಬರ್ಟ್ ಫೋಲ್ ಮೊದಲಾದ ಆ ಯುವಕರು ಹೊಸ ಜಾಝ್ ಭಾಷೆಯನ್ನು ಅರೆದು ಕುಡಿದವರು. ಅವರ ನಡುವೆ ಜಾಂಗೊ ಮತ್ತೊಮ್ಮೆ ವಿದ್ಯಾರ್ಥಿಯಾದರು.

ಫಲ ಕಾಣಬೇಕಾದರೆ 1953ರ ಮಾರ್ಚ್ 10ರಂದು ಮುದ್ರಿಸಿದ ಎಂಟು ತುಣುಕುಗಳನ್ನು ಕೇಳಬೇಕು. ಮೋರಿಸ್ ವಾಂದೆರ್ ಪಿಯಾನೊ, ಮಿಷೆಲೊ ಬೇಸ್, ಜಾನ್-ಲೂಯಿ ವಿಯಾಲ್ ಡ್ರಮ್. ಗಿಟಾರ್ ದನಿ ದುಂಡಾಗಿದೆ, ಬೆಚ್ಚಗಿದೆ. ಮೀಟು ಹಗುರವಾಗಿದೆ. ಹಿಂದೆ ದನಿ ಸಾಲದ ಕಡೆ ತುಂಬಿಸಲು ಬಳಸುತ್ತಿದ್ದ ನಡುಕದ ಮೀಟುಗಳು, ಅಬ್ಬರದ ಸ್ವರಗುಚ್ಛಗಳು ಬಹುಮಟ್ಟಿಗೆ ಇಲ್ಲ. ಸ್ವರಗಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತವೆ. ಮಿಂಚಿನ ಓಟವೊಂದು ಬಂದು, ನಂತರ ಖಾಲಿ ಜಾಗ. 'ನುವಾಜ್' ರಚನೆಯನ್ನು ಅವರು ಇಲ್ಲಿ ಮತ್ತೆ ನುಡಿಸಿದ್ದಾರೆ. 1940ರ ಮುದ್ರಿಕೆಯನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಒಂದೇ ಕೈ ಎರಡು ವಾದ್ಯಗಳಲ್ಲಿ ಹೇಗೆ ಎರಡು ಬಗೆಯಾಗಿ ಉಸಿರಾಡಿತೆಂಬುದು ತಿಳಿಯುತ್ತದೆ. ಅಕೂಸ್ಟಿಕ್ ಗಿಟಾರಿನ ಜಾಂಗೊ ಅವರನ್ನು ಕೊಂಡಾಡುವವರು ಈ ಕಡೆಯ ಮುದ್ರಿಕೆಗಳನ್ನು ಕಡೆಗಣಿಸುತ್ತ ಬಂದಿದ್ದಾರೆ. ಅದು ನ್ಯಾಯವಲ್ಲ.

ಆ ವರ್ಷ ತಲೆನೋವು ಅವರನ್ನು ಕಾಡುತ್ತಿತ್ತು. ವೈದ್ಯರೆಂದರೆ ಅವರಿಗೆ ಆಗದು. ಹದಿನೆಂಟರ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ ಕಂಡದ್ದು ಸಾಕಾಗಿತ್ತು. ಏಪ್ರಿಲ್ 8ರಂದು ಪಿಯಾನೊ ವಾದಕ ಮಾರ್ತ್ಯಾಲ್ ಸೊಲಾಲ್ ಮೊದಲಾದವರೊಂದಿಗೆ ಕೊನೆಯ ಮುದ್ರಣ ನಡೆಯಿತು. ಮೇ 16ರಂದು ಪ್ಯಾರಿಸ್ಸಿನಲ್ಲಿ ನುಡಿಸಿ ಅವೊನ್ ರೈಲು ನಿಲ್ದಾಣದಲ್ಲಿ ಇಳಿದು ಮನೆಯ ಕಡೆ ನಡೆದುಬಂದ ಜಾಂಗೊ ಮೆದುಳಿನ ರಕ್ತಸ್ರಾವದಿಂದ ಕುಸಿದುಬಿದ್ದರು. ಫೊಂತೆನ್‌ಬ್ಲೊ ಆಸ್ಪತ್ರೆ ತಲುಪುವ ವೇಳೆಗೆ ಎಲ್ಲವೂ ಮುಗಿದಿತ್ತು. ಆಗ ಅವರಿಗೆ 43 ವರ್ಷ.

ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ

ಹನ್ನೆರಡು ವರ್ಷಗಳ ನಂತರ, 1965ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ಹದಿನೇಳರ ಹುಡುಗನೊಬ್ಬ ಕೆಲಸದ ಕೊನೆಯ ದಿನ ಯಂತ್ರಕ್ಕೆ ಕೈ ಕೊಟ್ಟು ಬಲಗೈಯ ನಡುಬೆರಳು, ಉಂಗುರದ ಬೆರಳುಗಳ ತುದಿ ಕಳೆದುಕೊಂಡ. ಎಡಗೈಯಲ್ಲಿ ಮೀಟುವ ಆತನಿಗೆ ತಂತಿ ಒತ್ತುವ ಕೈ ಅದೇ. ಗಿಟಾರ್ ಬಿಟ್ಟೇಬಿಡುವ ತೀರ್ಮಾನದಲ್ಲಿದ್ದ ಹುಡುಗನ ಮನೆಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ತಟ್ಟೆ ತಂದು ಕೇಳಿಸಿದರು. ಅದು ಜಾಂಗೊ ಅವರದು. ನುಡಿಸುತ್ತಿರುವವರಿಗೆ ಎರಡೇ ಬೆರಳು ಎಂದು ನಂತರ ತಿಳಿಸಿದರು. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳತುದಿಗೆ ಟೋಪಿ ಮಾಡಿಕೊಂಡು ಅದಕ್ಕೆ ಚರ್ಮ ಅಂಟಿಸಿದ, ತೆಳುವಾದ ತಂತಿಗಳನ್ನು ಹಾಕಿಕೊಂಡ. ಮುಂದೆ ತಂತಿಗಳ ಬಿಗುವನ್ನೂ ಇಳಿಸಿದ. ಆತ ಟೋನಿ ಅಯೋಮಿ. 1970ರಲ್ಲಿ ಹೊರಬಂದ 'ಬ್ಲ್ಯಾಕ್ ಸಬ್ಬತ್' ತಂಡದ ಮೊದಲ ಆಲ್ಬಂನಿಂದ ಹೆವಿ ಮೆಟಲ್ ಎಂಬ ಪ್ರಕಾರವೇ ಬೆಳೆಯಿತು.

ಜಾಂಗೊ ಅವರ ವಾದನವನ್ನು ಕಲಿಯುವ ನಾಲ್ಕು ಬೆರಳಿನವರು ಇಂದು ಜಗತ್ತಿನ ತುಂಬ ಇದ್ದಾರೆ. ಉಳಿದ ಬೆರಳುಗಳನ್ನು ಕಟ್ಟಿಹಾಕಿಕೊಳ್ಳಬೇಕಾದ ಅಗತ್ಯ ಅವರಿಗಿಲ್ಲ. ಆದರೂ ಕೆಲವು ಪಲುಕುಗಳನ್ನು ನಾಲ್ಕು ಬೆರಳುಗಳಲ್ಲಿ ಹಂಚಿ ನುಡಿಸಲು ಹೆಣಗಿ ಸೋತವರು ಎರಡೇ ಬೆರಳಿನಲ್ಲಿ ಯತ್ನಿಸಿದಾಗ ಅದು ಸಲೀಸಾಗಿ ಬರುವುದುಂಟು. ರಾಗಕ್ಕೂ ಬೆರಳಿಗೂ ಒಂದೇ ನಕ್ಷೆ ಇರುವ ಸಂಗೀತವದು.

ಅವರ ಇಬ್ಬರು ಗಂಡುಮಕ್ಕಳೂ ಗಿಟಾರ್ ವಾದಕರಾದರು. ಬಾಬಿಕ್ ತಂದೆಯ ಹಳೆಯ ಶೈಲಿಯನ್ನು ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದು, ತಮ್ಮದೇ ಕಾಲದ ಜಾಝ್ ನುಡಿಸುತ್ತ 2001ರಲ್ಲಿ ತೀರಿಕೊಂಡರು. ಜಾಂಗೊ ಅವರ ಸೆಲ್ಮರ್ ಗಿಟಾರನ್ನು ನಾಗೀನ್ 1964ರಲ್ಲಿ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದ ವಾದ್ಯ ಸಂಗ್ರಹಾಲಯಕ್ಕೆ ಒಪ್ಪಿಸಿದರು. 503 ಎಂಬ ಸಂಖ್ಯೆಯ ಆ ವಾದ್ಯ ಈಗ ನಗರದ ಸಂಗೀತ ವಸ್ತುಸಂಗ್ರಹಾಲಯದ ಸ್ವತ್ತು.